ವಿಕಿ ವಿಳಾಸ ಮೊಟಕು ಮಾಡೋದು: ಯಾರಿಗೆ ಯಾವ ದಾರಿ ಸರಿ?

ಕೋಲಾರದ ಡೂಮ್ ಲೈಟ್ ಸರ್ಕಲ್ ಹತ್ತಿರ ಒಂದು ಫ್ಲೆಕ್ಸ್ ಅಂಗಡಿ. ಕೆರೆ ಏರಿಯ ಮೇಲೆ ನಿಲ್ಲಿಸಲು ಒಂದು ಬೋರ್ಡ್ ಮಾಡಿಸಬೇಕಿತ್ತು. ಮೇಲೆ ಕೆರೆಯ ಹೆಸರು, ಕೆಳಗೆ ನಮ್ಮ ವಿಕಿಯಲ್ಲಿ ಆ ಕೆರೆಯ ಪುಟದ ವಿಳಾಸ, ಪಕ್ಕದಲ್ಲಿ ಕ್ಯೂಆರ್ ಕೋಡ್. ಫೋನಿನಿಂದ ವಿಳಾಸ ಕಾಪಿ ಮಾಡಿ ಅಂಗಡಿ ಹುಡುಗನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಅವನು ಸ್ಕ್ರೀನ್ ನೋಡಿದ, ನನ್ನ ಮುಖ ನೋಡಿದ. "ಏನ್ ಸಾರ್ ಇದು, ಬರೀ ಪರ್ಸೆಂಟೇ ಇದೆ? ಜಿಎಸ್‌ಟಿ ಲೆಕ್ಕಾನಾ?" ಅಂದ.

ನಾವು ನಾಲ್ಕು ಜನ ಗೆಳೆಯರು ಸೇರಿ ಜಿಲ್ಲೆಯ ಕೆರೆಗಳ ಬಗ್ಗೆ ಒಂದು ಸಣ್ಣ ವಿಕಿ ನಡೆಸುತ್ತೇವೆ. ತೂಬು ಎಲ್ಲಿದೆ, ಕೋಡಿ ಯಾವ ಕಡೆ ಬೀಳುತ್ತದೆ, ಅಚ್ಚುಕಟ್ಟು ಯಾವ ಊರಿನದು, ರಾಜಕಾಲುವೆ ಮೇಲೆ ಯಾರ ಮನೆ ಎದ್ದಿದೆ, ಇಂಥವು. ತಂತ್ರಾಂಶ ಮೀಡಿಯಾವಿಕಿ, ಅಂದರೆ ವಿಕಿಪೀಡಿಯ ನಡೆಯುವುದೂ ಅದರಲ್ಲೇ. ತಿಂಗಳ ಬಾಡಿಗೆಯ ಒಂದು ಚಿಕ್ಕ ಸರ್ವರ್. ವಿಳಾಸ ಚಿಕ್ಕದು ಮಾಡಲು ನಾನು ಸುತ್ತಿದ ದಾರಿಗಳು ಐದಾರು. ಅದರಲ್ಲಿ ಎರಡು ಸುಮ್ನೆ ಸುತ್ತು. ನಿಮಗೆ ಆ ಸುತ್ತು ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಆಯ್ಕೆಗೆ ಮೊದಲು ಒಂದು ಲೆಕ್ಕ

ಮೀಡಿಯಾವಿಕಿ ಹಾಕಿದ ಹೊಸದರಲ್ಲಿ ಪುಟದ ವಿಳಾಸ ಹೀಗಿರುತ್ತದೆ: ‘/ಡಬ್ಲ್ಯು/ಇಂಡೆಕ್ಸ್.ಪಿಎಚ್‌ಪಿ?ಟೈಟಲ್=ಕೋಲಾರಮ್ಮ_ಕೆರೆ’. ಕೆಲವು ಸರ್ವರ್‌ಗಳಲ್ಲಿ ‘/ಡಬ್ಲ್ಯು/ಇಂಡೆಕ್ಸ್.ಪಿಎಚ್‌ಪಿ/ಕೋಲಾರಮ್ಮ_ಕೆರೆ’ ಅಂತ ಬರುತ್ತದೆ. ಇದನ್ನು ‘/ವಿಕಿ/ಕೋಲಾರಮ್ಮ_ಕೆರೆ’ ಮಾಡುವುದಕ್ಕೆ ಶಾರ್ಟ್ ಯುಆರ್‌ಎಲ್ ಅನ್ನುತ್ತಾರೆ. ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಸೆಟ್ಟಿಂಗ್ ಫೈಲಿನಲ್ಲಿ ಇವೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಇಂಗ್ಲಿಷ್ ಅಕ್ಷರ ಎಣಿಸಿದರೆ, ಪುಟದ ಹೆಸರಿಗಿಂತ ಮುಂಚೆ ಬರುವ ಭಾಗ ಮೊದಲ ರೀತಿಯಲ್ಲಿ 19, ಎರಡನೆಯದರಲ್ಲಿ 13, ‘/ವಿಕಿ/’ ಮಾಡಿದರೆ 6. ಉಳಿತಾಯ ಹೆಚ್ಚೆಂದರೆ 13 ಅಕ್ಷರ.

ಈಗ ಪುಟದ ಹೆಸರು ನೋಡಿ. ಕಂಪ್ಯೂಟರಿಗೆ ‘ಕೋ’ ಅಂದರೆ ಒಂದಲ್ಲ, ಎರಡು ಸಂಕೇತ: ಕಕಾರ ಒಂದು, ಓಕಾರದ ಗುರುತು ಒಂದು. ‘ಮ್ಮ’ ಅಂದರೆ ಮೂರು: ಮ, ಹಲಂತದ ಗುರುತು, ಇನ್ನೊಂದು ಮ. ಪ್ರತಿ ಕನ್ನಡ ಸಂಕೇತಕ್ಕೆ ಯುಟಿಎಫ್-8ರಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿಯಲ್ಲಿ, 3 ಬೈಟ್. ವಿಳಾಸದೊಳಗೆ ಹೋದಾಗ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ ಆಗುತ್ತದೆ. ಅಂದರೆ ಒಂದು ಸಂಕೇತಕ್ಕೆ 9 ಅಕ್ಷರ. ‘ಕೋಲಾರಮ್ಮ ಕೆರೆ’ ಅನ್ನುವುದು 12 ಸಂಕೇತ, ಜೊತೆಗೆ ನಡುವೆ ಒಂದು ಅಡಿಗೆರೆ. ಒಟ್ಟು 109.

ಬ್ರೌಸರ್ ನಮ್ಮ ಕಣ್ಣಿಗೆ ಕನ್ನಡವನ್ನೇ ತೋರಿಸುತ್ತದೆ. ಕಾಪಿ ಮಾಡಿ ಬೇರೆ ಕಡೆ ಅಂಟಿಸಿದಾಗ ಬಣ್ಣ ಬಯಲಾಗುತ್ತದೆ. ‘ಕೋಲಾರ’ 45 ಅಕ್ಷರ, ‘ತುಮಕೂರು’ 63, ‘ಚಿಕ್ಕಬಳ್ಳಾಪುರ’ 117. ಈ ಒಂದು ವಿಷಯದಲ್ಲಿ ಕೋಲಾರದವರು ಪುಣ್ಯವಂತರು.

ನಮ್ಮ ಡೊಮೇನ್ ಹೆಸರು 15 ಅಕ್ಷರ. ಎಲ್ಲ ಸೇರಿಸಿದರೆ ಮೊದಲು 151 ಇದ್ದ ವಿಳಾಸ, ಶಾರ್ಟ್ ಯುಆರ್‌ಎಲ್ ಮಾಡಿದ ಮೇಲೆ 138. ಒಂದು ಭಾನುವಾರ ಪೂರ್ತಿ ಕೂತು ಉಳಿಸಿದ್ದು ಇಷ್ಟೇ!

ಇಂಗ್ಲಿಷ್ ವಿಕಿಯವರಿಗೆ ಒಂದೇ ಕೆಲಸದಲ್ಲಿ ಮುಗಿಯುವುದು ನಮಗೆ ಎರಡು ಕೆಲಸ. ವಿಳಾಸವನ್ನು ಚೊಕ್ಕ ಮಾಡುವುದು ಬೇರೆ, ಚಿಕ್ಕದು ಮಾಡುವುದು ಬೇರೆ. ಚೊಕ್ಕ ಮಾಡುವುದಕ್ಕೆ ಸರ್ವರ್ ಸೆಟ್ಟಿಂಗ್ ಬೇಕು. ಚಿಕ್ಕದು ಮಾಡುವುದಕ್ಕೆ ಏನು ಬೇಕು ಅನ್ನುವುದನ್ನು ಕೊನೆಗೆ ಹೇಳುತ್ತೇನೆ, ಯಾಕೆಂದರೆ ನನಗೂ ಅದು ಕೊನೆಗೇ ಹೊಳೆದದ್ದು.

ಹಾಗಾದರೆ ಚೊಕ್ಕ ಯಾಕೆ ಮಾಡಬೇಕು?

ನಿಮ್ಮ ವಿಕಿಯನ್ನು ಒಂದೇ ಆಫೀಸಿನ ಐದಾರು ಜನ ಮಾತ್ರ ಬಳಸುವುದಾದರೆ ಬೇಡವೇ ಬೇಡ. ಇದ್ದಂತೆ ಬಿಡಿ. ಕೆಲಸಕ್ಕೆ ಏನೂ ಅಡ್ಡಿಯಿಲ್ಲ. ನೋಡಲು ಸ್ವಲ್ಪ ವಾಸಿ ಇರಲಿ ಅನ್ನಿಸಿದರೆ ಪ್ರಶ್ನಾರ್ಥಕ ಚಿಹ್ನೆ ಇಲ್ಲದ ಎರಡನೆಯ ರೀತಿಗೆ ಬದಲಾಯಿಸಿಕೊಳ್ಳಿ. ಹೆಚ್ಚಿನ ಕಡೆ ಅದಕ್ಕೆ ಸರ್ವರ್ ಮುಟ್ಟುವುದೂ ಬೇಕಿಲ್ಲ.

ಊರಿಗೆಲ್ಲ ತೆರೆದ ವಿಕಿಯಾದರೆ ಮಾತ್ರ ಮಾಡಲೇಬೇಕು ಅನ್ನುತ್ತೇನೆ. ಚಂದಕ್ಕಲ್ಲ, ಬಾಟ್‌ಗಳ, ಅಂದರೆ ಸೈಟುಗಳನ್ನು ತಾವಾಗಿಯೇ ಜಾಲಾಡುವ ಪ್ರೋಗ್ರಾಂಗಳ, ಕಾಟಕ್ಕೆ. ವಿಕಿಯ ಒಂದೊಂದು ಪುಟದ ಹಿಂದೆ ಇತಿಹಾಸ, ಹಳೆಯ ಆವೃತ್ತಿ, ಎರಡು ಆವೃತ್ತಿಗಳ ವ್ಯತ್ಯಾಸ, ತಿದ್ದುವ ಪುಟ ಅಂತ ನೂರಾರು ಲಿಂಕ್ ಇರುತ್ತವೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಮೊದಲು ಬಂದ ಲಕ್ಷ್ಮೀಸಾಗರ ಕೆರೆಯ ಪುಟವನ್ನು ನಮ್ಮಲ್ಲಿ ಎಲ್ಲರೂ ತಿದ್ದಿದ್ದಾರೆ. ಆ ಒಂದು ಪುಟದ ಹಳೆಯ ಆವೃತ್ತಿಗಳನ್ನೆಲ್ಲ ಬಾಟ್‌ಗಳು ಒಂದೊಂದಾಗಿ ಎಳೆಯುತ್ತಾ ಕೂತರೆ ನಮ್ಮ ಬಡ ಸರ್ವರ್ ಏದುಸಿರು ಬಿಡುತ್ತದೆ.

ಶಾರ್ಟ್ ಯುಆರ್‌ಎಲ್ ಮಾಡಿದಾಗ ಓದುವ ಪುಟಗಳೆಲ್ಲ ‘/ವಿಕಿ/’ ಕೆಳಗೆ ಬರುತ್ತವೆ. ಇತಿಹಾಸ, ವ್ಯತ್ಯಾಸ, ತಿದ್ದುವ ಪುಟ ಎಲ್ಲ ‘/ಡಬ್ಲ್ಯು/’ ಕೆಳಗೇ ಉಳಿಯುತ್ತವೆ. ಆಗ ರೋಬಾಟ್ಸ್ ಫೈಲಿನಲ್ಲಿ ಒಂದೇ ಸಾಲು ಸಾಕು: ‘/ಡಬ್ಲ್ಯು/’ ಕಡೆ ಬರಬೇಡಿ. ಅದರೊಳಗೆ ಚಿತ್ರಗಳ ಫೋಲ್ಡರಿಗೂ, ಪುಟದ ಶೈಲಿಯನ್ನು ಕೊಡುವ ‘ಲೋಡ್.ಪಿಎಚ್‌ಪಿ’ಗೂ ಮಾತ್ರ ಅನುಮತಿ ಕೊಡಿ. ಇಲ್ಲದಿದ್ದರೆ ಗೂಗಲ್‌ಗೆ ನಿಮ್ಮ ಪುಟ ಬಟ್ಟೆ ಬಿಚ್ಚಿ ನಿಂತಂತೆ ಕಾಣುತ್ತದೆ. ಈ ಫೈಲು ಬರೀ ವಿನಂತಿ, ಬೀಗವಲ್ಲ. ಮರ್ಯಾದಸ್ಥ ಬಾಟ್‌ಗಳು ಕೇಳುತ್ತವೆ, ಉಳಿದವು ಕೇಳುವುದಿಲ್ಲ. ಅಷ್ಟಾದರೂ ನಮ್ಮಲ್ಲಿ ಹೊರೆ ಇಳಿಯಿತು.

ಹಳೆಯ ಲಿಂಕ್‌ಗಳು ಮುರಿಯುತ್ತವೆ ಅನ್ನುವ ಹೆದರಿಕೆ ಬೇಡ. ‘ಇಂಡೆಕ್ಸ್.ಪಿಎಚ್‌ಪಿ?ಟೈಟಲ್=’ ರೀತಿಯ ವಿಳಾಸ ಶಾರ್ಟ್ ಯುಆರ್‌ಎಲ್ ಆದ ಮೇಲೂ ತೆರೆಯುತ್ತದೆ.

ಎಲ್ಲ ದಾರಿಗೂ ಬೇಕಾದ ಎರಡು ಸಾಲು

ಸರ್ವರ್ ಯಾವುದೇ ಇರಲಿ, ಮೀಡಿಯಾವಿಕಿಯ ‘ಲೋಕಲ್‌ಸೆಟ್ಟಿಂಗ್ಸ್’ ಫೈಲಿನಲ್ಲಿ ಎರಡು ಸಾಲು ಸರಿ ಇರಬೇಕು. ‘ಸ್ಕ್ರಿಪ್ಟ್ ಪಾತ್’ ಅಂದರೆ ಫೈಲುಗಳು ನಿಜವಾಗಿ ಕೂತಿರುವ ಜಾಗ, ಅದು ‘/ಡಬ್ಲ್ಯು’. ‘ಆರ್ಟಿಕಲ್ ಪಾತ್’ ಅಂದರೆ ಓದುಗರಿಗೆ ಕಾಣುವ ವಿಳಾಸ, ಅದು ‘/ವಿಕಿ/’ ಆದ ಮೇಲೆ ಡಾಲರ್ ಚಿಹ್ನೆ ಮತ್ತು 1. ಪುಟದ ಹೆಸರು ಬಂದು ಕೂರುವುದು ಆ ಡಾಲರ್-ಒಂದರ ಜಾಗದಲ್ಲಿ.

ಎಡವಟ್ಟು ಆಗುವುದು ಇಲ್ಲೇ. ‘/ಡಬ್ಲ್ಯು’ ನಿಜವಾದ ಫೋಲ್ಡರ್. ‘/ವಿಕಿ’ ಅನ್ನುವ ಫೋಲ್ಡರ್ ಎಲ್ಲೂ ಇರಬಾರದು. ಅದು ಬರೀ ಹೆಸರು. ಕೆರೆಯೇ ಬೇರೆ, ಗದ್ದೆಯೇ ಬೇರೆ, ನಡುವೆ ಯಾವ ಮಡಿಕೆಗೆ ನೀರು ತಿರುಗಿಸಬೇಕು ಅಂತ ನೋಡುವವನು ನೀರಗಂಟಿ. ಇಲ್ಲಿ ಆ ಕೆಲಸ ಸರ್ವರಿನದು.

ನಾನು ಮೊದಲ ಸಲ ಜಿಪ್ ಬಿಚ್ಚಿದಾಗ ಫೋಲ್ಡರಿಗೆ ‘ವಿಕಿ’ ಅಂತಲೇ ಹೆಸರಿಟ್ಟಿದ್ದೆ. ಆಮೇಲೆ ವಿಳಾಸಕ್ಕೂ ಅದೇ ಹೆಸರು ಕೊಟ್ಟೆ. ‘ವಿಕಿ’ಯಿಂದ ಶುರುವಾಗುವುದೆಲ್ಲ ಇಂಡೆಕ್ಸ್ ಫೈಲಿಗೆ ಹೋಗಲಿ ಅಂತ ಸರ್ವರಿಗೆ ಹೇಳಿದ್ದರಿಂದ ಚಿತ್ರ, ಶೈಲಿ ಎಲ್ಲವೂ ಅಲ್ಲಿಗೇ ಹೋದವು. ಪುಟ ಬಂತು, ಬಣ್ಣ ಇಲ್ಲ, ಲೋಗೋ ಇಲ್ಲ, ಎಡಗಡೆಯ ಪಟ್ಟಿ ಎಲ್ಲ ಕೆಳಗೆ ಸುರಿದು ಬಿದ್ದಿತ್ತು. ನಿಮಗೂ ಹೀಗೆ ಕಂಡರೆ ಬೇರೆಲ್ಲೂ ಹುಡುಕಬೇಡಿ. ಫೋಲ್ಡರಿಗೂ ವಿಳಾಸಕ್ಕೂ ಹೆಸರು ಒಂದೇ ಆಗಿದೆಯಾ ಅಂತ ನೋಡಿ.

‘/ವಿಕಿ/’ ಅನ್ನುವುದನ್ನೂ ಕನ್ನಡದಲ್ಲೇ ಇಡೋಣ ಅಂತ ನಮ್ಮ ಗುಂಪಿನಲ್ಲೊಬ್ಬರು ಪಟ್ಟು ಹಿಡಿದರು. ಆಸೆ ಒಳ್ಳೆಯದೇ. ಆದರೆ ಇಂಗ್ಲಿಷಿನ 4 ಅಕ್ಷರದ ಜಾಗದಲ್ಲಿ 36 ಬಂದು, 32 ಅಕ್ಷರ ಜಾಸ್ತಿಯಾಗುತ್ತದೆ ಅಂತ ಲೆಕ್ಕ ತೋರಿಸಿದೆ. ಸುಮ್ಮನಾದರು.

ಕೈಯಲ್ಲಿ ಯಾವ ಸರ್ವರ್ ಇದೆ?

ಇದು ಇಷ್ಟಪಟ್ಟು ಆರಿಸುವ ವಿಷಯವಲ್ಲ. ಇರುವ ಸರ್ವರನ್ನು ಶಾರ್ಟ್ ಯುಆರ್‌ಎಲ್‌ಗೋಸ್ಕರ ಯಾರೂ ಬದಲಾಯಿಸಬೇಡಿ.

ವರ್ಷಕ್ಕಿಷ್ಟು ಅಂತ ಕೊಟ್ಟು ಹಂಚಿಕೆಯ ಹೋಸ್ಟಿಂಗ್ ತೆಗೆದುಕೊಂಡವರಿಗೆ ಸಾಮಾನ್ಯವಾಗಿ ಅಪಾಚೆ ಅನ್ನುವ ಸರ್ವರ್ ತಂತ್ರಾಂಶ ಸಿಗುತ್ತದೆ. ಮುಖ್ಯ ಸೆಟ್ಟಿಂಗ್ ಮುಟ್ಟಲು ಬಿಡುವುದಿಲ್ಲ. ಆಗ ಉಳಿಯುವುದು ‘ಎಚ್‌ಟಿಆಕ್ಸೆಸ್’ ಫೈಲು. ಇದನ್ನು ವಿಕಿಯ ಫೋಲ್ಡರಿನೊಳಗೆ ಇಡಬೇಡಿ. ಅದರ ಮೇಲಿನ ಹಂತದಲ್ಲಿ, ಸೈಟಿನ ಬೇರು ಫೋಲ್ಡರಿನಲ್ಲಿ ಇಡಿ. ಒಳಗೆ ಎರಡೇ ಸಾಲು. ರೀರೈಟ್ ಎಂಜಿನ್, ಅಂದರೆ ಕೇಳಿದ ವಿಳಾಸವನ್ನು ಒಳಗೊಳಗೇ ಬೇರೆ ಕಡೆಗೆ ತಿರುಗಿಸುವ ಭಾಗ, ಚಾಲೂ ಮಾಡುವುದು ಒಂದು. ‘ವಿಕಿ’ಯಿಂದ ಶುರುವಾಗುವ ಎಲ್ಲವನ್ನೂ ‘/ಡಬ್ಲ್ಯು/ಇಂಡೆಕ್ಸ್.ಪಿಎಚ್‌ಪಿ’ಗೆ ಕಳಿಸುವುದು ಇನ್ನೊಂದು.

ಫೈಲು ಇಟ್ಟರೂ ಏನೂ ಬದಲಾಗಲಿಲ್ಲವಾ? ಅಪಾಚೆ 2.4ರಲ್ಲಿ ಯಾರೂ ಬೇರೆ ಹೇಳದಿದ್ದರೆ ಈ ಫೈಲನ್ನು ಅದು ಓದುವುದೇ ಇಲ್ಲ. ದೂರನ್ನೂ ಹೇಳುವುದಿಲ್ಲ. ಪತ್ತೆ ಮಾಡಲು ಒಂದು ಉಪಾಯ ಇದೆ. ಫೈಲಿನ ಮೊದಲ ಸಾಲಿನಲ್ಲಿ ಬಾಯಿಗೆ ಬಂದದ್ದು ಏನಾದರೂ ಟೈಪ್ ಮಾಡಿ. ಸೈಟು 500 ದೋಷ ತೋರಿಸಿ ಕೂತರೆ ಫೈಲನ್ನು ಓದುತ್ತಿದೆ ಅಂತ ಅರ್ಥ, ತಪ್ಪು ನಿಮ್ಮ ಸಾಲಿನಲ್ಲಿದೆ. ಏನೂ ಆಗದೆ ಸೈಟು ನಗುನಗುತ್ತಾ ತೆರೆದರೆ ಓದುತ್ತಿಲ್ಲ. ಹೋಸ್ಟಿಂಗಿನವರಿಗೆ ಫೋನ್ ಮಾಡಿ. ನಾನು ಈ ಉಪಾಯ ಗೊತ್ತಿಲ್ಲದೆ ನಮ್ಮ ಹಿಂದಿನ ಹೋಸ್ಟಿಂಗಿನವರ ಜೊತೆ ಮೂರು ದಿನ ಈಮೇಲ್ ಆಡಿದೆ. ನಿಯಮ ತಪ್ಪಿದೆ ಅಂತ ಅವರು, ನಿಯಮ ಸರಿಯಿದೆ ಅಂತ ನಾನು. ಕೊನೆಗೆ ನೋಡಿದರೆ ಫೈಲನ್ನು ಓದುವ ಅನುಮತಿಯೇ ಬಂದ್ ಆಗಿತ್ತು.

ಸರ್ವರ್ ಪೂರ್ತಿ ನಿಮ್ಮದೇ, ಅದರಲ್ಲಿ ಅಪಾಚೆ ಇದೆ ಅಂದರೆ ಎಚ್‌ಟಿಆಕ್ಸೆಸ್ ಬಿಡಿ. ಅದೇ ಸಾಲನ್ನು ಸೈಟಿನ ಮುಖ್ಯ ಸೆಟ್ಟಿಂಗಿನಲ್ಲಿ ಬರೆಯಿರಿ. ಎಚ್‌ಟಿಆಕ್ಸೆಸ್ ಇದ್ದರೆ ಅಪಾಚೆ ಪ್ರತಿ ಸಲವೂ ಪ್ರತಿ ಫೋಲ್ಡರಿನಲ್ಲೂ ಆ ಫೈಲಿದೆಯಾ ಅಂತ ಇಣುಕುತ್ತದೆ. ಮುಖ್ಯ ಸೆಟ್ಟಿಂಗಿನಲ್ಲಿದ್ದರೆ ಶುರುವಿನಲ್ಲೇ ಒಂದು ಸಲ ಓದಿ ಮುಗಿಸುತ್ತದೆ. ಇನ್ನೂ ಸರಳ ಬೇಕಾದರೆ ರೀರೈಟ್ ಕೂಡ ಬೇಡ, ‘ಅಲಿಯಾಸ್’ ಅಂತ ಒಂದು ಸಾಲು ಇದೆ. ‘/ವಿಕಿ’ ಅಂದರೆ ಈ ಇಂಡೆಕ್ಸ್ ಫೈಲು, ಅಷ್ಟೇ.

ಅಪಾಚೆಯ ಬದಲು ಎಂಜಿನ್‌ಎಕ್ಸ್ ಅನ್ನುವ ಸರ್ವರ್ ತಂತ್ರಾಂಶ ಇದ್ದವರಿಗೆ ಒಂದು ಮಾತು. ಅಪಾಚೆಗೆ ಬರೆದ ಎಚ್‌ಟಿಆಕ್ಸೆಸ್ ತಂದು ಇಟ್ಟರೆ ಅದು ಅಲ್ಲಿ ಬಿದ್ದಿರುತ್ತದೆ, ಅಷ್ಟೇ. ಎಂಜಿನ್‌ಎಕ್ಸ್ ಅದನ್ನು ಯಾವತ್ತೂ ಓದುವುದಿಲ್ಲ. ಸೈಟಿನ ಸೆಟ್ಟಿಂಗಿನಲ್ಲಿ ‘ಲೊಕೇಶನ್ /ವಿಕಿ/’ ಅಂತ ಒಂದು ಕಟ್ಟು ಬರೆದು, ಅದರೊಳಗೆ ಎಲ್ಲವನ್ನೂ ಇಂಡೆಕ್ಸ್ ಫೈಲಿಗೆ ರೀರೈಟ್ ಮಾಡಬೇಕು. ಬರೆದ ಮೇಲೆ ಎಂಜಿನ್‌ಎಕ್ಸ್‌ನ ಪರೀಕ್ಷಾ ಆದೇಶವನ್ನು, ಅಂದರೆ ಹೈಫನ್-ಟಿ ಹಾಕಿದ್ದನ್ನು, ಮೊದಲು ಓಡಿಸಿ. ಸರಿ ಅಂದರೆ ಮಾತ್ರ ರೀಲೋಡ್. ನಮ್ಮ ಕೆರೆ ವಿಕಿ ಈಗ ಓಡುತ್ತಿರುವುದು ಇದರಲ್ಲೇ. ಕೂತು ಬರೆದರೆ ಹತ್ತು ನಿಮಿಷದ ಕೆಲಸ.

ಹೊಸದಾಗಿ ಸರ್ವರ್ ಕಟ್ಟುವವರು, ಹಳೆಯ ಗಂಟು ಯಾವುದೂ ಇಲ್ಲದವರು ಕ್ಯಾಡಿ ಅನ್ನುವ ಸರ್ವರ್ ತಂತ್ರಾಂಶ ನೋಡಿ. ಅಲ್ಲಿ ಇದು ಒಂದೇ ಸಾಲಿನ ರೀರೈಟ್, ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನೂ ಅದೇ ತಂದು ಅದೇ ನವೀಕರಿಸಿಕೊಳ್ಳುತ್ತದೆ. ನಾನು ಇವತ್ತು ಮೊದಲಿಂದ ಶುರು ಮಾಡುವುದಾದರೆ ಇದನ್ನೇ ಹಿಡಿಯುತ್ತೇನೆ. ಡಾಕರ್‌ನಲ್ಲಿ ಮೀಡಿಯಾವಿಕಿಯ ಅಧಿಕೃತ ಇಮೇಜ್, ಅಂದರೆ ಬೇಕಾದ್ದೆಲ್ಲ ಕಟ್ಟಿಕೊಟ್ಟ ಸಿದ್ಧ ಪೊಟ್ಟಣ, ಹಾಕಿದವರಿಗೆ ಅಪಾಚೆ ಕಡೆಯ ಕೆಲಸ ಒಳಗೇ ಮಾಡಿಟ್ಟಿರುತ್ತಾರೆ. ಆರ್ಟಿಕಲ್ ಪಾತ್ ಸಾಲು ಸೇರಿಸಿದರೆ ಮುಗಿಯಿತು.

ಹಳೆಯ ರೆಸಿಪಿಗಳ ಕತೆ

ಹುಡುಕಿದರೆ ಹತ್ತು ಹದಿನೈದು ಸಾಲಿನ ರೀರೈಟ್ ನಿಯಮಗಳು ಸಿಗುತ್ತವೆ. ಉದ್ದ ಇದ್ದಷ್ಟೂ ಭದ್ರ ಅನ್ನಿಸುತ್ತದೆ, ಅಲ್ವಾ? ಅದು ಉಲ್ಟಾ. ಅವುಗಳಲ್ಲಿ ಹೆಚ್ಚಿನವು ‘/ವಿಕಿ/’ ಆದ ಮೇಲಿನ ಹೆಸರನ್ನು ಕಿತ್ತು ‘ಟೈಟಲ್=’ ಮುಂದೆ ಅಂಟಿಸುತ್ತವೆ. ಮೀಡಿಯಾವಿಕಿಗೆ ಅದರ ಅಗತ್ಯವೇ ಇಲ್ಲ. ಇಂಡೆಕ್ಸ್ ಫೈಲಿಗೆ ದಾರಿ ತೋರಿಸಿದರೆ ಸಾಕು, ಬ್ರೌಸರ್ ಮೂಲದಲ್ಲಿ ಕೇಳಿದ ವಿಳಾಸವನ್ನು ಅದೇ ಓದಿಕೊಂಡು ಹೆಸರು ಬಿಡಿಸಿಕೊಳ್ಳುತ್ತದೆ.

ಇದರಿಂದ ಏನು ತೊಂದರೆ ಅನ್ನುವುದು ನನಗೆ ಗೊತ್ತಾದದ್ದು ಆರು ತಿಂಗಳ ಮೇಲೆ. ನಮ್ಮಲ್ಲಿ ‘ತೂಬು & ಕೋಡಿ’ ಅಂತ ಒಂದು ಪುಟ. ‘ತೂಬು’ ಅಂತ ಇನ್ನೊಂದು ಪುಟ. ಮೊದಲನೆಯದರ ಮೇಲೆ ಕ್ಲಿಕ್ ಮಾಡಿದರೆ ಎರಡನೆಯದು ತೆರೆಯುತ್ತಿತ್ತು. ದೋಷ ಸಂದೇಶ ಏನೂ ಇಲ್ಲ. ಓದುವವರಿಗೆ ಅನುಮಾನವೂ ಬರುವುದಿಲ್ಲ, ಪುಟವಂತೂ ಬಂತಲ್ಲ. ಕಾರಣ ಇಷ್ಟೇ. ‘ಟೈಟಲ್=ತೂಬು_&_ಕೋಡಿ’ ಅಂತ ಅಂಟಿಸಿದಾಗ ‘&’ ಚಿಹ್ನೆ ಅಲ್ಲಿಗೆ ಒಂದು ವಿಷಯ ಮುಗಿಯಿತು, ಮುಂದೆ ಬೇರೆ ವಿಷಯ ಅಂತ ಹೇಳಿಬಿಡುತ್ತದೆ. ಟೈಟಲ್ ಬರೀ ‘ತೂಬು’ ಆಗುತ್ತದೆ, ಕೋಡಿ ಕೊಚ್ಚಿಕೊಂಡು ಹೋಗುತ್ತದೆ. ಹದಿನೈದು ಸಾಲು ಅಳಿಸಿ ಒಂದು ಸಾಲು ಇಟ್ಟೆ, ಸರಿಹೋಯಿತು. ನಿಮ್ಮ ಸೈಟಿನಲ್ಲಿ ಇದೆಲ್ಲ ಮುಗಿದ ಮೇಲೆ ‘&’ ಇರುವ ಒಂದು ಪುಟ, ಪ್ರಶ್ನಾರ್ಥಕ ಚಿಹ್ನೆ ಇರುವ ಒಂದು ಪುಟ ಮಾಡಿ ತೆರೆದು ನೋಡಿ. ಅವೆರಡೂ ತೆರೆದರೆ ಉಳಿದವೂ ತೆರೆಯುತ್ತವೆ.

ಕನ್ನಡದವರಿಗೆ ಇನ್ನೊಂದು ಪರೀಕ್ಷೆ. ಬೇತಮಂಗಲದ ನೀರು ಕೆ.ಜಿ.ಎಫ್‌ಗೆ ಹೋಗುತ್ತಿದ್ದ ಬಗ್ಗೆ ಬರೆಯುವಾಗ ‘ರಾಬರ್ಟ್‌ಸನ್‌ಪೇಟೆ’ ಅನ್ನುವ ಹೆಸರು ಬಂತು. ಒತ್ತಕ್ಷರ ಆಗದಂತೆ ಬಿಡಿಸಿ ಬರೆಯಲು ಅಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದಕ್ಕೂ 9 ಅಕ್ಷರ ಅನ್ನಿ. ಅಲ್ಲಿ ಅದು ಬೇಕು, ತಕರಾರಿಲ್ಲ. ಆದರೆ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸಿದ ಬರಹದಲ್ಲಿ ಪದದ ಕೊನೆಯಲ್ಲೂ ಅದು ಸುಮ್ನೆ ಬಂದು ಕೂತಿರುತ್ತದೆ. ಆಗ ‘ವಾಟರ್ ವರ್ಕ್ಸ್’ ಅಂತ ಎರಡು ಪುಟ ಆಗುತ್ತವೆ, ನೋಡಲು ಅವಳಿ ಜವಳಿ. ಒಂದಕ್ಕೆ ಲಿಂಕ್ ಕೊಟ್ಟರೆ ಇನ್ನೊಂದು ಕೆಂಪಾಗಿ ಕಾಣುತ್ತದೆ. ಇದನ್ನು ಯಾವ ಸರ್ವರ್ ನಿಯಮವೂ ಸರಿ ಮಾಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ರೀಡೈರೆಕ್ಟ್ ಹಾಕಬೇಕು, ಬೇರೆ ದಾರಿಯಿಲ್ಲ.

‘/ವಿಕಿ/’ ಕೂಡ ಬೇಡ ಅನ್ನುವವರಿಗೆ

ಡೊಮೇನ್ ಆದ ತಕ್ಷಣ ಪುಟದ ಹೆಸರು ಬರಲಿ ಅನ್ನುವ ಆಸೆ ಎಲ್ಲರಿಗೂ ಒಂದು ಸಲ ಬರುತ್ತದೆ. ಮೀಡಿಯಾವಿಕಿ ಬಳಗದವರು ಇದನ್ನು ಮಾಡಬೇಡಿ ಅನ್ನುತ್ತಾರೆ. ನಾನು ಮಾಡಿ ನೋಡಿದೆ. ರೋಬಾಟ್ಸ್ ಫೈಲು, ಫೆವಿಕಾನ್, ಚಿತ್ರಗಳ ಫೋಲ್ಡರ್ ಎಲ್ಲವೂ ಅದೇ ಮಟ್ಟದಲ್ಲಿ ಇರುವುದರಿಂದ ಯಾವುದು ಪುಟ, ಯಾವುದು ಫೈಲು ಅಂತ ಸರ್ವರಿಗೆ ಬಿಡಿಸಿ ಹೇಳಬೇಕು. ಕನ್ನಡ ಶೀರ್ಷಿಕೆಗಳಿಗೆ ಇಂಗ್ಲಿಷ್ ಫೋಲ್ಡರ್ ಡಿಕ್ಕಿ ಹೊಡೆಯುವುದಿಲ್ಲ ಅಂತ ನನ್ನ ಜಾಣ ಲೆಕ್ಕ. ಅದು ಸರಿಯೂ ಇತ್ತು.

ಡಿಕ್ಕಿ ಹೊಡೆದದ್ದು ಬೇರೆ ಕಡೆ. ಎಚ್‌ಟಿಟಿಪಿಎಸ್‌ಗೆ ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರದ ಆಯಸ್ಸು 90 ದಿನ. ನವೀಕರಿಸುವಾಗ ಅದು ಸೈಟಿನ ಒಂದು ಗೊತ್ತಾದ ಜಾಗದಲ್ಲಿ ಒಂದು ಫೈಲನ್ನು ಕೇಳುತ್ತದೆ. ನನ್ನ ನಿಯಮ ಆ ಕೋರಿಕೆಯನ್ನೂ ನುಂಗಿ, ‘ಈ ಹೆಸರಿನ ಪುಟ ಇಲ್ಲ, ನೀವು ಬರೆಯುತ್ತೀರಾ?’ ಅಂತ ಉತ್ತರ ಕೊಟ್ಟಿದೆ. ಮೂರು ತಿಂಗಳಿಗೆ ಸರಿಯಾಗಿ ಸೈಟು ತೆರೆದವರಿಗೆಲ್ಲ ‘ಈ ತಾಣ ಸುರಕ್ಷಿತವಲ್ಲ’ ಅನ್ನುವ ಕೆಂಪು ಪುಟ. ತಪ್ಪು ಪೂರ್ತಿ ನನ್ನದೇ. 5 ಅಕ್ಷರ ಉಳಿಸಲು ಹೋಗಿ ಆದದ್ದು.

ಡೊಮೇನ್ ಹೊಡೆದರೆ ಮುಖಪುಟ ಚೊಕ್ಕವಾಗಿ ತೆರೆಯಲಿ ಅನ್ನುವುದಷ್ಟೇ ನಿಮ್ಮ ಆಸೆಯಾದರೆ ಅದಕ್ಕೆ ಬೇರೆ ವ್ಯವಸ್ಥೆ ಇದೆ. ಮೀಡಿಯಾವಿಕಿ 1.34ರಿಂದ ಮುಖಪುಟವನ್ನು ಡೊಮೇನಿನ ಬೇರಿಗೆ ಕಟ್ಟುವ ಒಂದು ಸೆಟ್ಟಿಂಗ್ ಕೊಟ್ಟಿದ್ದಾರೆ. ಉಳಿದ ಪುಟಗಳು ‘/ವಿಕಿ/’ ಕೆಳಗೇ ಇರುತ್ತವೆ.

ತಂತ್ರಾಂಶವನ್ನೇ ಇನ್ನೂ ಆರಿಸದವರಿಗೆ

ಡೋಕುವಿಕಿಗೆ ಡೇಟಾಬೇಸ್ ಬೇಡ, ಪುಟಗಳೆಲ್ಲ ಸಾದಾ ಟೆಕ್ಸ್ಟ್ ಫೈಲು. ವಿಳಾಸದ ವಿಷಯದಲ್ಲಿ ಇದರಷ್ಟು ಸುಲಭ ಇನ್ನೊಂದಿಲ್ಲ. ನಿರ್ವಾಹಕರ ಪುಟದಲ್ಲೇ ಮೂರು ಆಯ್ಕೆ: ಏನೂ ಬೇಡ, ಎಚ್‌ಟಿಆಕ್ಸೆಸ್ ಮೂಲಕ, ಇಲ್ಲವೇ ಡೋಕುವಿಕಿ ತಾನೇ ನೋಡಿಕೊಳ್ಳುವುದು. ಮೂರನೆಯದಕ್ಕೆ ಸರ್ವರ್ ಮುಟ್ಟುವುದೇ ಬೇಕಿಲ್ಲ.

ಆದರೆ ಕನ್ನಡಕ್ಕೆ ಒಂದು ಮುಳ್ಳಿದೆ. ಫೈಲಿನ ಹೆಸರನ್ನೂ ಅದು ಮೊದಲಿಗೆ ಅದೇ ಶೇಕಡಾ ರೂಪದಲ್ಲಿ ಇಡುತ್ತದೆ. ಲಿನಕ್ಸ್‌ನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಕೊನೆಗೆ ಬರುವ ‘.ಟಿಎಕ್ಸ್‌ಟಿ’ಗೆ 4 ಬೈಟ್ ಕಳೆದು 9ರಿಂದ ಭಾಗಿಸಿ: ಹೆಚ್ಚೆಂದರೆ 27 ಸಂಕೇತ. ‘ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತಳಿಗಳು’ ಅನ್ನುವುದು 32 ಸಂಕೇತ, ಜಾಗ ಸಾಲುವುದಿಲ್ಲ. ಫೈಲಿನ ಹೆಸರನ್ನು ಯುಟಿಎಫ್-8ರಲ್ಲೇ ಇಡು ಅಂತ ಹೇಳುವ ಸೆಟ್ಟಿಂಗ್ ಇದೆ, ಅದನ್ನು ಮೊದಲ ಪುಟ ಬರೆಯುವ ಮುಂಚೆಯೇ ಬದಲಾಯಿಸಿ. ಬರೆದಾದ ಮೇಲೆ ಬದಲಾಯಿಸಿದರೆ ಹಳೆಯ ಪುಟಗಳು ಅದಕ್ಕೆ ಕಾಣುವುದಿಲ್ಲ. ಮೀಡಿಯಾವಿಕಿಯಲ್ಲೂ ಶೀರ್ಷಿಕೆಗೆ 255 ಬೈಟೇ ಮಿತಿ, ಆದರೆ ಅಲ್ಲಿ ಸಂಕೇತಕ್ಕೆ 3 ಬೈಟ್ ಲೆಕ್ಕ, 85 ಸಂಕೇತದವರೆಗೆ ಹೋಗುತ್ತದೆ.

ವಿಕಿ.ಜೆಎಸ್‌ನಲ್ಲಿ ಪುಟದ ವಿಳಾಸವನ್ನು ಶೀರ್ಷಿಕೆಯಿಂದ ಬೇರೆಯಾಗಿ ನೀವೇ ಬರೆಯುತ್ತೀರಿ. ಶೀರ್ಷಿಕೆ ಕನ್ನಡದಲ್ಲಿ, ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ. ಶೇಕಡಾ ಕಾಟ ಬುಡದಲ್ಲೇ ಇಲ್ಲ. ಬುಕ್‌ಸ್ಟ್ಯಾಕ್ ಕೂಡ ಮೊದಲಿಂದಲೇ ಚೊಕ್ಕ ವಿಳಾಸ ಕೊಡುತ್ತದೆ, ಪುಸ್ತಕ, ಅಧ್ಯಾಯ, ಪುಟ ಅನ್ನುವ ಜೋಡಣೆ ಇಷ್ಟವಾದರೆ ನೋಡಿ. ನಾವು ಮೀಡಿಯಾವಿಕಿಯಲ್ಲೇ ಉಳಿದದ್ದು ಇಬ್ಬರಿಗೆ ಕನ್ನಡ ವಿಕಿಪೀಡಿಯದಲ್ಲಿ ತಿದ್ದಿ ಅಭ್ಯಾಸ ಇತ್ತು ಅನ್ನುವ ಒಂದೇ ಕಾರಣಕ್ಕೆ. ಕೈಗೆ ಒಗ್ಗಿದ್ದನ್ನು ಬಿಡಿಸುವುದು ಕಷ್ಟ.

ಬೋರ್ಡಿಗೆ ಏನು ಬರೆಸುವುದು?

ಈಗ ಫ್ಲೆಕ್ಸ್ ಅಂಗಡಿಗೆ ವಾಪಸ್ ಬರೋಣ. 138 ಅಕ್ಷರದ ವಿಳಾಸಕ್ಕೆ ನಾನು ಬಳಸಿದ ಸಾಧನ ಮಾಡಿಕೊಟ್ಟ ಕ್ಯೂಆರ್‌ನಲ್ಲಿ ಅಡ್ಡ 49, ಉದ್ದ 49 ಚೌಕ. ಹಳೆಯ 151 ಅಕ್ಷರದ ವಿಳಾಸಕ್ಕೂ ಅಷ್ಟೇ ಬಂದಿತ್ತು! ಆ ಭಾನುವಾರದ ಕೆಲಸಕ್ಕೆ ಒಂದು ಚೌಕವೂ ಕಮ್ಮಿಯಾಗಿರಲಿಲ್ಲ. ಏರಿ ಮೇಲಿನ ಬಿಸಿಲು, ಧೂಳಿನಲ್ಲಿ ಅಷ್ಟು ದಟ್ಟ ಕೋಡನ್ನು ಹಳೆಯ ಫೋನ್ ಹಿಡಿಯುವುದು ಕಷ್ಟ.

ಗೂಗಲ್‌ನದೋ ಇನ್ನೊಬ್ಬರದೋ ಉಚಿತ ಕಿರುಕೊಂಡಿ ಬಳಸಬಹುದಲ್ಲ ಅಂತ ಕೇಳಬಹುದು. ಬೋರ್ಡಿಗೆ ಬೇಡ. ಗೂಗಲ್ 2019ರಲ್ಲಿ ತನ್ನ ಕಿರುಕೊಂಡಿ ಸೇವೆಯಲ್ಲಿ ಹೊಸದು ಕೊಡುವುದನ್ನು ನಿಲ್ಲಿಸಿತು. 2025ರ ಆಗಸ್ಟಿನಲ್ಲಿ ಓಡಾಟವಿಲ್ಲದ ಹಳೆಯ ಕೊಂಡಿಗಳನ್ನೂ ಮುಚ್ಚಿತು. ಕೆರೆ ಏರಿ ಮೇಲಿನ ಬೋರ್ಡನ್ನು ವಾರಕ್ಕೆ ಒಬ್ಬರು ಸ್ಕ್ಯಾನ್ ಮಾಡಿದರೆ ಹೆಚ್ಚು. ಅದು ಓಡಾಟವಿಲ್ಲದ ಕೊಂಡಿಯೇ ಅಲ್ವಾ?

ಮೀಡಿಯಾವಿಕಿಗೆ ‘ಶಾರ್ಟ್‌ಯುಆರ್‌ಎಲ್’ ಅನ್ನುವ ಒಂದು ಎಕ್ಸ್‌ಟೆನ್ಶನ್, ಅಂದರೆ ಬೇಕಾದವರು ಸೇರಿಸಿಕೊಳ್ಳುವ ಭಾಗ, ಇದೆ. ಹೆಸರು ಒಂದೇ ಆದರೂ ಇದು ಮೇಲೆ ಹೇಳಿದ ಶಾರ್ಟ್ ಯುಆರ್‌ಎಲ್ ಅಲ್ಲ. ನಮ್ಮಂಥ ಲಿಪಿಗಳ ಉದ್ದ ವಿಳಾಸಕ್ಕೆ ಹೇಳಿ ಮಾಡಿಸಿದ್ದು, ಪ್ರತಿ ಪುಟಕ್ಕೂ ತಾನೇ ಒಂದು ಪುಟ್ಟ ಕೋಡ್ ಕೊಡುತ್ತದೆ. ಅದಕ್ಕೆ ಡೇಟಾಬೇಸಿನಲ್ಲಿ ಒಂದು ಕೋಷ್ಟಕ, ಸರ್ವರಿನಲ್ಲಿ ಇನ್ನೊಂದು ರೀರೈಟ್ ಸಾಲು ಬೇಕು. ಪುಟ ಸಾವಿರಾರು ಇದ್ದರೆ ಇದು ಸರಿ. ನಮ್ಮ ಅಳತೆಗೆ ಜಾಸ್ತಿ ಅನ್ನಿಸಿತು.

ಆಮೇಲೆ ನೆನಪಾದದ್ದು ಪುಟದ ಕ್ರಮಸಂಖ್ಯೆ. ಮೀಡಿಯಾವಿಕಿ ಪ್ರತಿ ಪುಟಕ್ಕೂ ಒಂದು ಸಂಖ್ಯೆ ಕೊಟ್ಟಿರುತ್ತದೆ. ಪುಟದ ಹೆಸರು ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ‘ಇಂಡೆಕ್ಸ್.ಪಿಎಚ್‌ಪಿ?ಕ್ಯುರ್‌ಐಡಿ=45’ ಅಂದರೆ 45ನೇ ಪುಟ. ಎಂಜಿನ್‌ಎಕ್ಸ್‌ನಲ್ಲಿ ಒಂದು ಸಾಲು ಸೇರಿಸಿ ‘/ಕೆ/45’ ಅಂದರೆ ಅಲ್ಲಿಗೆ ಕಳಿಸುವಂತೆ ಮಾಡಿದೆ. ಪೂರ್ತಿ ವಿಳಾಸ 28 ಅಕ್ಷರ, ಕ್ಯೂಆರ್ 29 ಚೌಕಕ್ಕೆ ಇಳಿಯಿತು. ಪುಟ ತೆರೆದ ಮೇಲೆ ಮೇಲಿನ ಪಟ್ಟಿಯಲ್ಲಿ ಆ ಕುರೂಪಿ ‘ಇಂಡೆಕ್ಸ್’ ವಿಳಾಸವೇ ಕಾಣುತ್ತದೆ, ಅದೊಂದು ಕೊರತೆ. ಖುಷಿಯಿಂದ ಅಂಗಡಿಗೆ ಹೋದೆ. ಹುಡುಗ ಈ ಸಲ ಪರ್ಸೆಂಟಿನ ಮಾತು ಎತ್ತಲಿಲ್ಲ. "ಸಾರ್, ಅಮ್ಮನ ಕೆರೆಗೆ 45 ಯಾಕೆ? ಅದು ಒಂದನೇ ನಂಬರ್ ಅಲ್ವಾ?" ಅಂದ.

ಸಂಖ್ಯೆ ಬರುವುದು ಪುಟ ಬರೆದ ಸರದಿಯಲ್ಲಿ, ಅದು ನನ್ನ ಕೈಯಲ್ಲಿಲ್ಲ ಅಂತ ಹೇಳಲು ಹೊರಟವನು ಅರ್ಧಕ್ಕೇ ನಿಲ್ಲಿಸಿದೆ. ವಿಕಿಯಲ್ಲಿ ರೀಡೈರೆಕ್ಟ್ ಪುಟ ಅನ್ನುವುದು ಮೊದಲಿಂದಲೂ ಇದೆ. ಅಲ್ಲಿಯೇ ನಿಂತು ಫೋನಿನಲ್ಲಿ ‘ಕೆ1’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೊಸ ಪುಟ ತೆರೆದೆ. ಒಳಗೆ ಒಂದೇ ಸಾಲು: ಇದನ್ನು ಕೋಲಾರಮ್ಮ ಕೆರೆಗೆ ಕಳಿಸು. ವಿಳಾಸ 31 ಅಕ್ಷರ. ಕ್ಯೂಆರ್ ಅದೇ 29 ಚೌಕ. ಸರ್ವರ್ ಮುಟ್ಟಿಲ್ಲ, ಎಕ್ಸ್‌ಟೆನ್ಶನ್ ಹಾಕಿಲ್ಲ, ಪುಟ ತೆರೆದರೆ ಪಟ್ಟಿಯಲ್ಲಿ ಚೊಕ್ಕ ವಿಳಾಸ. ಬೋರ್ಡ್ ಹಾಕುವ ಪುಟಗಳು ಐವತ್ತರ ಒಳಗಿದ್ದರೆ ಬೇರೆ ಏನನ್ನೂ ನೋಡಬೇಡಿ, ಇದನ್ನೇ ಮಾಡಿ.

ಬೋರ್ಡ್ ಈಗ ಏರಿ ಮೇಲೆ ನಿಂತಿದೆ. ‘ಕೆ2’ ಯಾವ ಕೆರೆಗೆ ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ನಾಲ್ವರಿಗೂ ಅವರವರ ಊರಿನ ಕೆರೆಯೇ ಎರಡನೆಯದು.